ನೆಲ ಡೊಂಕು

ಹೆಕ್ಲರ್ ಪ್ಯಾಚ್, ಪೆನ್ಸಿಲ್ವೇನಿಯಾ
ಮಾರ್ಚ್ 6, 1977

ಎಮ್ಲಿನ್,

ನೀನು ಊರು ಬಿಟ್ಟು ಎರಡು ವರ್ಷವಾಯಿತು. ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಅವತ್ತು ಶನಿವಾರ ಎಂದಿನಂತೆ ನಿನ್ನ ಮನೆಗೆ ಬಂದರೆ ಬಾಗಿಲಿಗೆ ಬೀಗ. ನನ್ನವಳು ಓನಾ ಜೇನು ಹಾಕಿ ಕಾಯಿಸಿಕೊಟ್ಟ ವಿಸ್ಕಿಯ ಬಾಟಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಪೆದ್ದನ ಹಾಗೆ ನಿಂತಿದ್ದೆ. ಅದನ್ನು ಈ ಕಾಗದದಲ್ಲಿ ಎತ್ತಬಾರದು ಎಂದುಕೊಂಡಿದ್ದೆ. ಎತ್ತಿಯಾಯಿತು, ಬಿಡು.

ಬರೆದ ಕಾರಣ ಬೇರೆ. ಅಂಗಿ ಕಾರ್ಖಾನೆಯಿಂದ ನನಗೆ ನಿವೃತ್ತಿಯಾಯಿತು. ಇಷ್ಟು ವರ್ಷ ಹೊಲಿಗೆ ಯಂತ್ರಗಳ ಹೊಟ್ಟೆ ಬಗೆದ ಕೈ ಈಗ ಸುಮ್ಮನಿರಲಾರದು. ಮೊನ್ನೆ ಓನಾಳ ಇಸ್ತ್ರಿಪೆಟ್ಟಿಗೆಯನ್ನು ವಿನಾಕಾರಣ ಬಿಚ್ಚಿದೆ. ಅವಳು, "ಆಡಂ, ನೀನು ಹೀಗೆ ಕಾಲ್ಕಾಲಿಗೆ ಸಿಕ್ತಾ ಇದ್ರೆ ನಂಗೆ ಹುಚ್ಚು ಹಿಡೀತದೆ. ಆ ಎಮ್ಲಿನ್ ಜೊತೆ ರೈಲಾಟ ಆಡ್ತಿದ್ಯಲ್ಲ, ಅದನ್ನೇ ಇಲ್ಲೂ ಕಟ್ಕೋ ಹೋಗು" ಎಂದಳು. ಹನ್ನೊಂದು ವರ್ಷ ನಾವಿಬ್ಬರೂ ನಿನ್ನ ಅಟ್ಟದಲ್ಲಿ ಕೂತು ಈ ಕಣಿವೆಯನ್ನೇ ಹಳಿ, ಸೇತುವೆ, ಕಲ್ಲಿದ್ದಲು ಒಡೆಯುವ ಕಟ್ಟಡದ ಸಮೇತ ಮೇಜಿನ ಮೇಲೆ ಪುಟ್ಟ ಮಾದರಿಯಾಗಿ ತಂದು ನಿಲ್ಲಿಸಿದ್ದಕ್ಕೆ ಅವಳ ಬಾಯಲ್ಲಿ ಹೆಸರು ಆಟ.

ಪ್ರಶ್ನೆ ಇಷ್ಟೇ, ಯಾವ ಕೋಣೆಯಲ್ಲಿ ಕಟ್ಟಲಿ? ಅಟ್ಟ ಬೇಸಿಗೆಯಲ್ಲಿ ಒಲೆ, ಚಳಿಗಾಲದಲ್ಲಿ ಹಿಮ, ನಡು ಬಗ್ಗಿಸದೆ ನಿಲ್ಲುವಂತೆಯೂ ಇಲ್ಲ. ಓಣಿಯಾಚೆಯ ಗ್ಯಾರೇಜಿನಲ್ಲಿ ಇಲಿಗಳು ಸಂಸಾರ ಹೂಡಿವೆ, ತಂತಿ ಉಳಿಯದು. ನೆಲಮಾಳಿಗೆ ಓನಾಳ ರಾಜ್ಯ. ಬೇಸಿಗೆಯಲ್ಲಿ ಅಡುಗೆ ಮಾಡುವ ಒಲೆ, ಎಲೆಕೋಸು ಹುಳಿಹಾಕಿದ ಪೀಪಾಯಿ, ಬಟ್ಟೆ ಒಗೆಯುವ ತೊಟ್ಟಿ ಎಲ್ಲ ಅಲ್ಲೇ. ಉಳಿದದ್ದು ಅದರ ಮೇಲಿನ ಹಿಂದಿನ ಕೋಣೆ. ಮಗಳು ಅರ್ಲೀನ್ ಮದುವೆಯಾಗಿ ಒಹಾಯೋಗೆ ಹೋದ ಮೇಲೆ ಅದು ಖಾಲಿ. ತೇವವಿಲ್ಲ, ಕಿಟಕಿ ಉತ್ತರಕ್ಕಿದೆ, ಬಿಸಿಲು ಬಿದ್ದು ಬಣ್ಣ ಹೋಗುವ ಭಯವಿಲ್ಲ. ನನಗೆ ಅದೇ ಸರಿ ಎನಿಸಿದೆ. ಆದರೂ ನಿನ್ನನ್ನು ಕೇಳದೆ ಮೊಳೆ ಹೊಡೆಯಲು ಕೈ ಬರುತ್ತಿಲ್ಲ.

ರೈಲಿನ ಕೊನೆಗೆ ಸಿಕ್ಕಿಸುವ ನಿನ್ನ ಕೆಂಪು ಗಾರ್ಡ್ ಡಬ್ಬಿ ನನ್ನಲ್ಲಿದೆ. ಚಕ್ರ ರಿಪೇರಿಗೆಂದು ತಂದಿದ್ದೆ, ಅಷ್ಟರಲ್ಲಿ ನೀನು ಹೋಗಿಬಿಟ್ಟೆ. ಕದ್ದದ್ದಲ್ಲ.

ಆಡಂ ಗುಡೈಟಿಸ್


ಓಕಾಲಾ, ಫ್ಲಾರಿಡಾ
ಮಾರ್ಚ್ 20, 1977

ಆಡಂ,

ಕದ್ದದ್ದಲ್ಲ ಎಂದು ನೀನು ಹೇಳುವವರೆಗೂ ನನಗೆ ಆ ಯೋಚನೆಯೇ ಬಂದಿರಲಿಲ್ಲ. ಈಗ ಬಂತು.

ಹೇಳದೆ ಹೊರಟೆ, ನಿಜ. ಹೆಂಡತಿ ಮಾರ್ಗರೆಟ್ ತೀರಿಕೊಂಡ ಮೇಲೆ ಯಾರಿಗೂ ಏನನ್ನೂ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಕಿವಿ ಈಗ ಪೂರ್ತಿ ಹೋಗಿದೆ. ಕಲ್ಲಿದ್ದಲು ಒಡೆಯುವ ಯಂತ್ರದ ಮಗ್ಗುಲಲ್ಲಿ ಆಯುಷ್ಯ ಕಳೆದವನಿಗೆ ಇನ್ನೇನು ಉಳಿಯುತ್ತದೆ. ಮಗಳು ಗ್ವೆನ್ ಮೂಗಿನ ಮುಂದೆ ಬಂದು ಕೂಗುತ್ತಾಳೆ, ನಾನು ತಲೆಯಾಡಿಸುತ್ತೇನೆ. ಫೋನು ನನ್ನ ಪಾಲಿಗೆ ಗೋಡೆಯ ಅಲಂಕಾರ. ಹೇಳುವುದಿದ್ದರೆ ಬರೆ.

ಹಿಂದಿನ ಕೋಣೆ ಒಳ್ಳೆಯದು. ಆದರೆ ಯಾವ ಕೋಣೆಯಾದರೂ ಕೊನೆಗೆ ನೋಡಬೇಕಾದದ್ದು ಒಂದನ್ನೇ, ಅದು ಮಟ್ಟ. ರಸಮಟ್ಟವನ್ನು ನಂಬಿ ಕೂರಬೇಡ, ಅದು ಅಷ್ಟಿಷ್ಟನ್ನು ಮುಚ್ಚಿಡುತ್ತದೆ. ಚಕ್ರ ಮುಚ್ಚಿಡುವುದಿಲ್ಲ. ಗಾರ್ಡ್ ಡಬ್ಬಿಯನ್ನು ಹಳಿಯ ಮೇಲಿಟ್ಟು ಮೆಲ್ಲಗೆ ಕೈ ತೆಗೆ. ನಿಂತರೆ ಮಟ್ಟ, ಹೊರಟರೆ ಡೊಂಕು. ಡಬ್ಬಿ ನಿನ್ನಲ್ಲಿ ಇದ್ದೇ ಇದೆಯಲ್ಲ, ಅಷ್ಟಾದರೂ ಉಪಯೋಗವಾಗಲಿ.

ಎಮ್ಲಿನ್ ಪ್ರಾಸರ್


ಹೆಕ್ಲರ್ ಪ್ಯಾಚ್
ಮೇ 15, 1977

ಎಮ್ಲಿನ್,

ಹಿಂದಿನ ಕೋಣೆ ಕೈತಪ್ಪಿತು. ಅರ್ಲೀನ್ ಬಂದಿದ್ದಾಳೆ, ಮೂರು ವರ್ಷದ ಟೆಸ್‌ಳನ್ನು ಕರೆದುಕೊಂಡು. ಬಸ್ಸಿನಿಂದ ಇಳಿದಾಗ ಆ ಸೆಖೆಯಲ್ಲೂ ಉದ್ದ ತೋಳಿನ ಸ್ವೆಟರ್ ತೊಟ್ಟಿದ್ದಳು. ಬಚ್ಚಲಲ್ಲಿ ಓನಾ ಅದನ್ನು ಬಿಚ್ಚಿಸಿ ನೋಡಿದಳು. ಹೊರಗೆ ಬಂದು ಆಲೂಗಡ್ಡೆ ತುರಿಯಲು ಕೂತಳು. ಇಡೀ ಚೀಲ ತುರಿದು ಮುಗಿಸಿದಳು.

ಅಳಿಯ ಡೆನಿಸ್ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. "ನಾನು ಬದಲಾಗಿದ್ದೀನಿ ಅತ್ತೆ, ಅವಳನ್ನ ಕರೀರಿ" ಎನ್ನುತ್ತಾನೆ. ಓನಾ "ಚರ್ಚಿಗೆ ಹೋಗಿದ್ದಾಳಪ್ಪ" ಎಂದು ಇಟ್ಟುಬಿಡುತ್ತಾಳೆ. ಈ ಲೆಕ್ಕದಲ್ಲಿ ಅರ್ಲೀನ್‌ಳಷ್ಟು ದೈವಭಕ್ತೆ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಬಂದ ದಿನ ಅವಳು ಹಿಂದಿನ ಕೋಣೆಯ ಬಾಗಿಲಲ್ಲೇ ನಿಂತಳು. ನೆಲದ ಮೇಲೆ ನಾನು ಸೀಮೆಸುಣ್ಣದಲ್ಲಿ ಹಳಿಯ ಗೆರೆ ಎಳೆದಿದ್ದೆ. "ಅಪ್ಪ, ಜಾಗ ಇಲ್ಲ ಅಂದ್ರೆ ಹೇಳಿಬಿಡು. ನಾನು ವಾಪಸ್ ಹೋಗ್ತೀನಿ, ಏನೂ ಅಂದ್ಕೊಳ್ಳಲ್ಲ" ಎಂದಳು. "ಹುಚ್ಚಿ, ರೈಲಿಗೆ ನೆಲಮಾಳಿಗೆ ಅಂತ ಯಾವತ್ತೋ ಗೊತ್ತುಮಾಡಾಗಿದೆ. ಇದು ಸುಮ್ನೆ ಲೆಕ್ಕಕ್ಕೆ ಹಾಕಿದ್ದು" ಎಂದು ಚಪ್ಪಲಿಯಲ್ಲೇ ಗೆರೆ ಉಜ್ಜಿದೆ. ಅವಳಿಗೆ ಹೋಗಲು ಇರುವ ಇನ್ನೊಂದು ಮನೆ ಅವನದ್ದೇ, ಎಮ್ಲಿನ್. ಆ ಮಾತು ನನ್ನನ್ನು ಬಿಡುತ್ತಿಲ್ಲ.

ಓನಾ ನೆಲಮಾಳಿಗೆಯ ಅರ್ಧ ಬಿಟ್ಟುಕೊಟ್ಟಳು, ಪೀಪಾಯಿಯ ಕಡೆ ಸುಳಿಯಬಾರದೆಂಬ ಷರತ್ತಿನ ಮೇಲೆ. ಹಿತ್ತಲ ಕಡೆಯ ಮೂಲೆ ನನ್ನದು. ಮೇಜು ಕಟ್ಟಿದೆ, ಮೊದಲ ಹಳಿ ಹಾಸಿದೆ. ನೀನು ಹೇಳಿದಂತೆ ಗಾರ್ಡ್ ಡಬ್ಬಿ ಇಟ್ಟು ಕೈ ತೆಗೆದೆ. ನಿಂತಿತು. ಟೆಸ್ ಬಾಯಿಂದ ಊದಿ ನೋಡಿದಳು, ಆಗಲೂ ನಿಂತಿತು.

ಆಡಂ


ಓಕಾಲಾ
ಜೂನ್ 5, 1977

ಆಡಂ,

ಅರ್ಲೀನ್ ನಿನ್ನ ಮನೆಯಲ್ಲೇ ಇರಲಿ. ರೈಲು ಎಲ್ಲಾದರೂ ಓಡುತ್ತದೆ.

ನೆಲಮಾಳಿಗೆ ಕೆಟ್ಟದ್ದೇನಲ್ಲ. ಚಳಿ ಬಿಸಿಲು ತಾಗದು. ತೊಟ್ಟಿಯ ಹಬೆಗೆ ಅಡ್ಡ ಒಂದು ಪರದೆ ಕಟ್ಟು, ಇಲ್ಲದಿದ್ದರೆ ಹಳಿ ಕಿಲುಬು ಹಿಡಿಯುತ್ತದೆ. ಕೈ ನಿಲುಕದಷ್ಟು ಅಗಲದ ಮೇಜು ಮಾಡಬೇಡ. ಮೂಲೆಯಲ್ಲೇ ರೈಲು ಹಳಿ ತಪ್ಪುವುದು, ಅಲ್ಲಿಗೇ ನಿನ್ನ ಹೊಟ್ಟೆ ಹೋಗದಿರುವುದು.

ನಮ್ಮ ಕಣಿವೆ ಅಟ್ಟದಲ್ಲಿ ಹಾಗೇ ಇದೆ. ಮಾರ್ಗರೆಟ್‌ಳ ಹಾಸಿಗೆ ಬಟ್ಟೆ ಹೊದೆಸಿ ಬಂದಿದ್ದೇನೆ. ಮನೆ ಮಾರು ಎಂದು ಗ್ವೆನ್ ಹೇಳುತ್ತಲೇ ಇರುತ್ತಾಳೆ, ನನಗೆ ಕೇಳಿಸುವುದಿಲ್ಲ. ಕಿವುಡುತನದಿಂದ ಆದ ಲಾಭ ಅದೊಂದೇ.

ಎಮ್ಲಿನ್


ಹೆಕ್ಲರ್ ಪ್ಯಾಚ್
ಆಗಸ್ಟ್ 14, 1977

ಎಮ್ಲಿನ್,

ನಿನ್ನ ಗಾರ್ಡ್ ಡಬ್ಬಿಗೆ ಹಠ ಬಂದಿದೆ. ಇಟ್ಟು ಕೈ ತೆಗೆದರೆ ಸ್ವಲ್ಪ ಹೊತ್ತು ಯೋಚಿಸುತ್ತದೆ, ಆಮೇಲೆ ಹೊರಡುತ್ತದೆ. ಎಲ್ಲಿಂದ ಬಿಟ್ಟರೂ ಹಿತ್ತಲ ಕಡೆಯ ಮೂಲೆಗೇ ಹೋಗಿ ನಿಲ್ಲುತ್ತದೆ. ನಾನು ಚಕ್ರವನ್ನು ಅಷ್ಟು ಚೆನ್ನಾಗಿ ಮಾಡಿದ್ದೇನೆ ಎಂದು ಮೊದಲು ಬೀಗಿದೆ. ಆಮೇಲೆ ಸೆಖೆಗೆ ಮರ ಬಾಗಿರಬೇಕೆಂದು ಮೇಜಿನ ಕಾಲಿನಡಿ ಇಸ್ಪೀಟೆಲೆ ಮಡಿಸಿ ಇಟ್ಟೆ. ಕಾರ್ಖಾನೆಯಲ್ಲಿ ನಮ್ಮ ರೂಢಿ ಅದೇ ತಾನೆ, ಯಂತ್ರ ಅಲುಗಿದರೆ ಕಾಲಿಗೆ ಚಕ್ಕೆ. ನಿಂತಿತು. ಸ್ವಲ್ಪ ದಿನ ಬಿಟ್ಟು ಮತ್ತೆ ಹೊರಟಿತು. ಈಗ ಎಲೆಯ ಬದಲು ಮರದ ಚಕ್ಕೆ ಬಂದಿದೆ.

ಓನಾ ಬಟ್ಟೆ ಹಿಂಡುತ್ತಾ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕಟ್ಟೋಕೆ ಬರಲ್ಲ ಅನ್ನು, ಪಾಪ ಆ ಮರದ ಮೇಲೆ ಯಾಕೆ ಹಾಕ್ತೀಯ?" ಎಂದಳು.

ಗೋಡೆಯಾಚೆ, ನಮ್ಮ ಮನೆಯ ಇನ್ನರ್ಧದಲ್ಲಿರುವ ಹುಡಾಕಮ್ಮನಿಗೂ ನನ್ನ ಮೇಲೆಯೇ ಸಿಟ್ಟು. ಮೊನ್ನೆ ಬಂದು, "ಗುಡೈಟಿಸ್, ನಿನ್ನ ರೈಲು ನನ್ನ ಮನೆ ಅಲ್ಲಾಡಿಸ್ತಿದೆ. ಅಡುಗೆಮನೆ ಬಾಗಿಲು ಹಾಕೋಕ್ಕಾಗ್ತಿಲ್ಲ" ಎಂದಳು. "ಅದು ಅಂಗೈಯಷ್ಟು ರೈಲು ಕಣಮ್ಮ" ಎಂದೆ. "ಇಲೀನೂ ಅಂಗೈಯಷ್ಟೇ ಇರೋದು, ಮನೆ ಹಾಳು ಮಾಡಲ್ವಾ?" ಎಂದಳು. ಹೋಗಿ ಬಾಗಿಲಿನ ಅಂಚು ತರಿದು ಕೂರಿಸಿ ಬಂದೆ.

ಟೆಸ್‌ಗೆ ಮಾತ್ರ ಹಬ್ಬ. ನಾನು ಚಕ್ಕೆ ಇಡುವ ಮೊದಲೇ ಡಬ್ಬಿ ಇಟ್ಟು, ಅದು ಹೊರಟರೆ ಚಪ್ಪಾಳೆ ತಟ್ಟುತ್ತಾಳೆ. "ತಾತ, ತಾನೇ ಹೋಯ್ತು" ಎನ್ನುತ್ತಾಳೆ. ಅವಳ ನಗು ಕೇಳಿ ಮೇಲಿನ ಕೋಣೆಯಿಂದ ಅರ್ಲೀನ್ ಕೂಡ ನಗುತ್ತಾಳೆ.

ಆಡಂ


ಓಕಾಲಾ
ಆಗಸ್ಟ್ 22, 1977

ಆಡಂ,

ನಿನ್ನ ಕಾಗದ ಓದಿ ಮುಗಿಸುವ ಮೊದಲೇ ಪೆನ್ನು ಹಿಡಿದೆ.

ಹುಡಾಕಮ್ಮನ ಬಾಗಿಲು ಯಾಕೆ ಕಚ್ಚಿಕೊಂಡಿತು ಎಂದು ಒಂದು ಕ್ಷಣವಾದರೂ ಯೋಚಿಸಿದೆಯಾ? ನಿನ್ನ ಮನೆಯ ಕೆಳಗೆ ಏನಿದೆ ಎಂದು ನಾನು ಹೇಳಬೇಕೇ? ನಿನ್ನಪ್ಪನೂ ನನ್ನಪ್ಪನೂ ಅಲ್ಲೇ ಕಲ್ಲಿದ್ದಲು ಕಡಿದವರು. ಎಲ್ಲ ಮುಗಿದ ಮೇಲೆ, ಗಣಿಯ ಸೂರು ಹೊತ್ತು ನಿಂತಿದ್ದ ಕಲ್ಲಿದ್ದಲ ಕಂಬಗಳನ್ನೂ ಕಡಿದು ತಂದರು. ಆ ಕೂಲಿಯಲ್ಲಿ ನೀನೂ ನಾನೂ ಶಾಲೆಗೆ ಬೂಟು ಹಾಕಿಕೊಂಡು ಹೋದೆವು. ಆ ಟೊಳ್ಳಿನ ಮೇಲೆ ನಿಮ್ಮ ಬೀದಿ ನಿಂತಿದೆ.

ನೀನು ಚಕ್ಕೆ ಕೊಟ್ಟಿದ್ದು ಮೇಜಿಗೆ. ಇಳಿಯುತ್ತಿರುವುದು ಮೇಜಲ್ಲ. ರೈಲಿನವರು ಮಾತ್ರ ಮಾಡುವ ತಪ್ಪು ಇದು, ಹಳಿ ಮಟ್ಟವಾದರೆ ಲೋಕವೇ ಮಟ್ಟವಾಯಿತು ಎಂದುಕೊಳ್ಳುತ್ತೇವೆ. ಚಕ್ಕೆಗಳನ್ನೆಲ್ಲ ಕಿತ್ತುಹಾಕು. ಡಬ್ಬಿ ಎಷ್ಟು ಜೋರಾಗಿ ಓಡುತ್ತದೆಂದು ನೋಡಿ ನನಗೆ ಬರೆ.

ಆ ಮೂಲೆಯ ಮೇಲೆಯೇ ಅಲ್ಲವೇ ಅರ್ಲೀನ್ ಮಗುವನ್ನು ಮಲಗಿಸಿಕೊಳ್ಳುವುದು?

ಎಮ್ಲಿನ್


ಹೆಕ್ಲರ್ ಪ್ಯಾಚ್
ಸೆಪ್ಟೆಂಬರ್ 11, 1977

ಎಮ್ಲಿನ್,

ಈ ವಿಷಯ ಇನ್ನು ಬರೆಯಬೇಡ. ಅಂಚೆಯವನು ಕಾಗದವನ್ನು ಓನಾಳ ಕೈಗೂ ಕೊಡುತ್ತಾನೆ, ಅರ್ಲೀನ್‌ಳ ಕೈಗೂ ಕೊಡುತ್ತಾನೆ. ಬರೆಯುವುದಿದ್ದರೆ ಪ್ಲಾಸ್ಟರ್ ಗುಡ್ಡಕ್ಕೆ ಯಾವ ಬಣ್ಣ ಬಳಿಯಬೇಕೆಂದು ಬರೆ.

ನನಗೆ ಗೊತ್ತಿಲ್ಲ ಎಂದುಕೊಂಡೆಯಾ? ಫ್ಲಾರಿಡಾದ ಬಿಸಿಲಲ್ಲಿ ಕೂತವನಿಗೆ ಬುದ್ಧಿ ಹೇಳುವುದು ಸುಲಭ. ಹಿಂದಿನ ಕೋಣೆಯ ಮೂಲೆಯಲ್ಲಿ ಗೋಡೆಗೆ ಹಚ್ಚಿದ ಹೂವಿನ ಕಾಗದ ಮೇಲಿಂದ ಕೆಳಗಿನವರೆಗೆ ಹರಿದಿತ್ತು. ಅರ್ಲೀನ್ ಬೇಕರಿ ಕೆಲಸಕ್ಕೆ ಹೋಗಿದ್ದಾಗ ಹಿಟ್ಟಿನ ಗೋಂದು ಮಾಡಿ ಅಂಟಿಸಿದೆ, ಹೂವಿಗೆ ಹೂವು ಕೂಡಿಸಿ. ನನಗೆ ಹೆದರಿಕೆಯಾಗಿದೆ, ಎಮ್ಲಿನ್. ಈಗ ನಾನು ನೆಲಮಾಳಿಗೆಗೆ ಇಳಿಯುವುದು ರೈಲು ಓಡಿಸಲು ಅಲ್ಲ. ಡಬ್ಬಿಯನ್ನು ಇಟ್ಟು ನೋಡಲು. ಕೈ ತೆಗೆಯುವ ಮೊದಲು ಮೇರಿಯಮ್ಮನನ್ನು ನೆನೆಯುತ್ತೇನೆ.

ಆದರೆ ಹೇಳುವುದು ಹೇಗೆ? ಮೊನ್ನೆ ಅವಳು ಕನ್ನಡಿಯ ಮುಂದೆ ಟೆಸ್‌ಳ ತಲೆ ಬಾಚುತ್ತಾ ಗುನುಗುತ್ತಿದ್ದಳು. ನಾನು ಬಂದದ್ದು ನೋಡಿ ನಿಲ್ಲಿಸಲೂ ಇಲ್ಲ. ಕಳೆದ ಭಾನುವಾರ ಡೆನಿಸ್ ಫೋನ್ ಮಾಡಿದಾಗ ಮಾತ್ರ ತಾನೇ ಎತ್ತಿಕೊಂಡಳು. ಆಮೇಲೆ ಓನಾ ಹತ್ತಿರ, "ಕರ್ಕೊಂಡು ಹೋಗೋಕೆ ಬರ್ತೀನಿ ಅಂತಾನಮ್ಮ. ಇಲ್ಲಿ ನಿಮಗೂ ಭಾರ ಅಲ್ವಾ?" ಎಂದಳಂತೆ. ಈ ಮನೆ ನಿಲ್ಲುವುದಿಲ್ಲ ಎಂದು ನಾನು ಬಾಯಿ ಬಿಟ್ಟರೆ ಅವಳು ಮರುದಿನವೇ ಬಸ್ಸು ಹತ್ತುತ್ತಾಳೆ. ನನ್ನ ಪಿಂಚಣಿಗೆ ಬಾಡಿಗೆ ಮನೆ ನಿಲುಕದು. ಅತ್ತ ದರಿ, ಇತ್ತ ಪುಲಿ.

ಅದಕ್ಕೇ ಚಕ್ಕೆ ಇಡುತ್ತಿದ್ದೇನೆ. ಈಗ ಹಂಚಿನ ತುಂಡು ಹಿಡಿಸುವಷ್ಟಾಗಿದೆ. ಸುಮ್ಮನಿರು.

ಆಡಂ


ಓಕಾಲಾ
ಸೆಪ್ಟೆಂಬರ್ 25, 1977

ಆಡಂ,

ಸುಮ್ಮನಿರಲಾರೆ.

ಬ್ರೆನನ್‌ರ ಅಡುಗೆಮನೆ ನೆನಪಿದೆಯೇ? ಹುಡುಗರಾಗಿದ್ದೆವು. ಆ ದಿನಕ್ಕೂ ಮುಂಚಿನ ವಾರ ಬ್ರೆನನಮ್ಮ ನಮ್ಮಮ್ಮನ ಹತ್ತಿರ, "ಯಾಕೋ ಮೇಜಿನ ಮೇಲಿಟ್ಟ ಮೊಟ್ಟೆ ನಿಲ್ತಾನೇ ಇಲ್ಲ ಕಣೇ" ಎಂದಿದ್ದಳು. ಅವಳೂ ಮೇಜಿನ ಕಾಲಿಗೆ ಬಟ್ಟೆ ಮಡಿಸಿ ಇಟ್ಟುಕೊಂಡಿದ್ದಳು. ಅವತ್ತು ನಾವು ಶಾಲೆಗೆ ಹೋಗುವಾಗ ಅವರ ಹಿತ್ತಲಲ್ಲಿ ಒಗೆದ ಬಟ್ಟೆ ಹಾರಾಡುತ್ತಿತ್ತು. ಬಟ್ಟೆಯ ಹಿಂದೆ ಅಡುಗೆಮನೆ ಇರಲಿಲ್ಲ, ಬಾಯ್ದೆರೆದ ಗುಂಡಿ ಇತ್ತು. ಒಲೆಯೂ ಇರಲಿಲ್ಲ, ಒಲೆಯ ಮುಂದೆ ನಿಂತವಳೂ ಇರಲಿಲ್ಲ. ನೀನು ನನ್ನ ಕೈ ಹಿಡಿದುಕೊಂಡೆ, ನೆನಪಿದೆ.

ಗ್ವೆನ್ ಕೈಲಿ ಫೋನ್ ಮಾಡಿಸಿದೆ. ನೀನೇ ಎತ್ತಿ, ಎಲ್ಲ ಸುಖವಾಗಿದ್ದೇವೆ ಎಂದೆಯಂತೆ. ಎರಡು ಸಲ ಹೇಳಿದ ಎಂದು ಅವಳು ಚೀಟಿಯಲ್ಲಿ ಬರೆದು ತೋರಿಸಿದಳು. ಎರಡನೆಯ ಸಲ ಹೇಳಿದ್ದಕ್ಕೇ ನನ್ನ ನಿದ್ದೆ ಕೆಟ್ಟಿತು.

ನನ್ನ ಮನೆ ಗುಡ್ಡದ ಬಂಡೆಯ ಮೇಲಿದೆ. ಅಲ್ಲಿ ಕಲ್ಲಿದ್ದಲು ಇರಲಿಲ್ಲ, ಹಾಗಾಗಿ ಯಾರೂ ಅಗೆಯಲಿಲ್ಲ. ನಮ್ಮಪ್ಪ ಬಡ ನೆಲ ಎಂದು ಅಗ್ಗಕ್ಕೆ ಕೊಂಡದ್ದು. ನಾಲ್ವರೂ ಅಲ್ಲಿಗೆ ಹೋಗಿ. ಅರ್ಲೀನ್‌ಗೆ ಮಾರ್ಗರೆಟ್‌ಳ ಕೋಣೆ. ಫೋನು ಕೀಳಿಸಿ ಬಂದಿದ್ದೇನೆ, ಆದ್ದರಿಂದ ಡೆನಿಸ್‌ಗೆ ಹಿಡಿಯಲು ನಂಬರೂ ಇಲ್ಲ. ಭಾರ ಅನ್ನುವ ಮಾತು ಬಂದರೆ, ಮನೆಗೆ ಕಾವಲು ಬೇಕೆಂದು ಕಿವುಡ ಮುದುಕ ಗೋಗರೆದ ಎಂದು ಹೇಳು.

ಬೀಗದ ಕೈ ಈ ಕಾಗದದ ಜೊತೆ ಇದೆ. ಅಟ್ಟದ್ದೂ ಅದೇ ಗೊಂಚಲಲ್ಲಿದೆ. ಅದನ್ನು ಹೊರಡುವ ದಿನವೇ ನಿನ್ನ ಕೈಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಎಮ್ಲಿನ್


ಓಕಾಲಾ
ಅಕ್ಟೋಬರ್ 30, 1977

ಆಡಂ,

ನಿನ್ನಿಂದ ಕಾಗದವಿಲ್ಲ. ಅಂಚೆಯವನು ಬರುವ ಮೊದಲೇ ಗೇಟಿನ ಹತ್ತಿರ ನಿಂತಿರುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ. ಗ್ವೆನ್ ಫೋನ್ ಮಾಡಿದರೆ ಗಂಟೆ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲವಂತೆ.

ನಿನ್ನೆ ಇಲ್ಲಿ ಅಡುಗೆಮನೆಯ ನೆಲದ ಮೇಲೆ ಗೋಲಿ ಇಟ್ಟು ನೋಡಿದೆ. ನಿಂತಿತು. ಗ್ವೆನ್ ನನಗೆ ಅರಳುಮರಳು ಎಂದುಕೊಂಡಿರಬೇಕು.

ಬೈದಾದರೂ ಬರೆ.

ಎಮ್ಲಿನ್


ನಿನ್ನ ಅಡುಗೆಮನೆಯ ಮೇಜಿನಿಂದ
ನವೆಂಬರ್ 13, 1977

ಎಮ್ಲಿನ್,

ಬದುಕಿದ್ದೇವೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ಬೀಗದ ಕೈ ಬಂದ ದಿನವೇ ಅದನ್ನು ಇಸ್ಪೀಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಫೋನಿನ ಗಂಟೆ ಹೊಡೆದರೆ ಡೆನಿಸ್ ಇರಬಹುದೆಂದು ಯಾರನ್ನೂ ಎತ್ತಗೊಡಲಿಲ್ಲ. ದಿನಾ ಡಬ್ಬಿ ತೆರೆದು ಬೀಗದ ಕೈ ನೋಡುವುದು, ಮುಚ್ಚುವುದು. ಇನ್ನೊಬ್ಬರ ಮನೆ ಹೊಕ್ಕು ಕೂರುವುದೇ ಎಂಬ ಜಂಬ ಒಂದು ಕಡೆ. ಅರ್ಲೀನ್ ಮುಖ ನೋಡಿ ಹೇಳುವ ಧೈರ್ಯ ಇಲ್ಲದ್ದು ಇನ್ನೊಂದು ಕಡೆ.

ಕಳೆದ ಸೋಮವಾರ ಓನಾ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ಗುಡ್ಡಕ್ಕೆ ಬಣ್ಣ ಬಳಿಯುತ್ತಿದ್ದೆ. ಟೆಸ್ ಮೇಜಿನ ಕೆಳಗೆ ಮೂಲೆಯಲ್ಲಿ ಕೂತಿದ್ದಳು, ಓನಾಳ ಬಟನ್ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು. ಸದ್ದೇ ಇಲ್ಲ. ಮಕ್ಕಳು ಸದ್ದು ಮಾಡದಿದ್ದರೆ ಅನುಮಾನ ಪಡಬೇಕು ತಾನೆ.

"ಏನು ಮಾಡ್ತಿದ್ದೀಯ ಪುಟ್ಟಿ?" ಎಂದೆ.

"ಬಟನ್ ಕೊಡ್ತಿದ್ದೀನಿ."

"ಯಾರಿಗೆ?"

"ನೆಲಕ್ಕೆ. ಅದಕ್ಕೆ ಹಸಿವು."

ಮೇಜಿನ ಕೆಳಗೆ ತೂರಿದೆ. ಗೋಡೆಯ ಬುಡದಲ್ಲಿ ಸಿಮೆಂಟು ಬಾಯಿ ಬಿಟ್ಟಿತ್ತು, ಟೆಸ್‌ಳ ಕೈ ಹೋಗುವಷ್ಟು. ಒಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಆ ವಾಸನೆ ನನಗೆ ಗೊತ್ತು. ಅಪ್ಪ ಕೆಲಸದಿಂದ ಬಂದು ಕಳಚುತ್ತಿದ್ದ ಕೋಟಿನ ವಾಸನೆ ಅದು. ಅವಳ ಕೈಯಿಂದ ದೊಡ್ಡದೊಂದು ಬಟನ್ ತೆಗೆದುಕೊಂಡು ನಾನೂ ಹಾಕಿದೆ. ಕಿವಿಯಿಟ್ಟು ಕೇಳಿದೆ. ನಿನಗೆ ಕಿವಿಯಿಲ್ಲ, ನನಗಿದೆ. ಬಿದ್ದ ಸದ್ದು ಬರಲೇ ಇಲ್ಲ.

ಮಗುವನ್ನು ಎಳೆದು ಓನಾಳ ಕೈಗೆ ಕೊಟ್ಟೆ. ಮೇಜಿನ ಕಾಲಿನಡಿಯಿಂದ ಹಂಚು, ಚಕ್ಕೆ, ಎಲೆ ಎಲ್ಲವನ್ನೂ ಕಿತ್ತೆ. ಮೇಜು ಒಮ್ಮೆಗೇ ವಾಲಿತು. ಗಾರ್ಡ್ ಡಬ್ಬಿ ಹಳಿಯುದ್ದಕ್ಕೂ ಓಡಿ ಮೂಲೆಯ ಗೋಡೆಗೆ ಹೊಡೆಯಿತು. ಟೆಸ್ ಚಪ್ಪಾಳೆ ತಟ್ಟಿದಳು. ಓನಾ ಡಬ್ಬಿಯನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಚಕ್ಕೆಗಳನ್ನು ನೋಡಿದಳು. "ಎಷ್ಟು ದಿನದಿಂದ ಆಡಂ?" ಎಂದಳು.

ಅರ್ಲೀನ್ ಬೇಕರಿಯಿಂದ ಬಂದಳು. ಕೋಟು ಬಿಚ್ಚುವ ಮೊದಲೇ ಎಲ್ಲ ಹೇಳಿಬಿಟ್ಟೆ, ಮನೆ ಇಳಿಯುತ್ತಿದೆ ಎಂದು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ, ಎಮ್ಲಿನ್. ನನ್ನ ತೋಳು ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಹೊದಿಕೆ ಎತ್ತಿದಳು. ಮೂಲೆಯ ಕಡೆಯ ಎರಡು ಕಾಲುಗಳ ಅಡಿಯಲ್ಲಿ ಮಡಿಸಿದ ಟವೆಲ್, ಅದರ ಕೆಳಗೆ ಹಲಗೆ, ಅದರ ಕೆಳಗೆ ಇಟ್ಟಿಗೆ.

"ಮಂಚಕ್ಕೆ ಗಾಲಿ ಇದೆ ಅಪ್ಪ. ಬೆಳಿಗ್ಗೆ ಎದ್ದರೆ ಗೋಡೆಗೆ ಹೋಗಿ ಕೂತಿರ್ತಿತ್ತು. ಬೇಸಿಗೆಯಿಂದ್ಲೂ ಇಡ್ತಾ ಬಂದಿದ್ದೀನಿ."

"ಹೇಳಬಾರದಿತ್ತೇನೆ?"

"ಹೇಳಿದ್ರೆ ಎಲ್ಲಿಗೆ ಹೋಗ್ಲಿ?" ಎಂದಳು. ಆಮೇಲೆ, "ನೀನ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ಹೇಳಿದ್ರೆ ನೀನು ಎಲ್ಲಿಗೆ ಹೋಗ್ತೀಯೋ ಅಂತ" ಎಂದೆ.

ಮೇಲೆ ಅವಳು, ಕೆಳಗೆ ನಾನು. ಒಂದೇ ಮೂಲೆಗೆ ಇಬ್ಬರೂ ಕದ್ದು ಕದ್ದು ಚಕ್ಕೆ ಇಟ್ಟೆವು. ನಡುವೆ ಮಗು ಮಲಗಿತ್ತು.

ಇಸ್ಪೀಟಿನ ಡಬ್ಬಿಯಿಂದ ಬೀಗದ ಕೈ ತೆಗೆದು ಅವಳ ಕೈಯಲ್ಲಿಟ್ಟೆ. ಕತ್ತಲಾಗುವ ಮೊದಲೇ ಇಲ್ಲಿಗೆ ಬಂದೆವು. ಹುಡಾಕಮ್ಮ ಮನೆ ಬಿಡಲು ಮೊದಲು ಒಪ್ಪಲಿಲ್ಲ. "ನಿನ್ನ ರೈಲು ನಿಲ್ಲಿಸು, ಮನೆ ತಾನೇ ನಿಲ್ತದೆ" ಎಂದಳು. ನಾನು ತರಿದು ಕೂರಿಸಿದ ಬಾಗಿಲನ್ನೇ ತೋರಿಸಿದೆ, ಈಗ ಮೇಲೆ ಮೂರು ಬೆರಳಿನ ಸಂದು ಬಿಟ್ಟಿತ್ತು. ನೋಡಿದಳು, ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡಳು, ತಂಗಿಯ ಮನೆಗೆ ನಡೆದಳು. ಹೋಗುವಾಗಲೂ ಬೈದಳು.

ಹೊಸ ಮೇಜು, ಹಳಿ, ಗುಡ್ಡ ಎಲ್ಲ ಅಲ್ಲೇ ಬಿಟ್ಟೆ. ಕೋಟಿನ ಜೇಬಿನಲ್ಲಿ ಗಾರ್ಡ್ ಡಬ್ಬಿ ಮಾತ್ರ ಇತ್ತು. ನಿನ್ನ ಅಟ್ಟದ ಬೀಗ ಇನ್ನೂ ತೆಗೆದಿಲ್ಲ.

ಆಡಂ


ನಿನ್ನ ಮನೆಯಿಂದ
ಜನವರಿ 8, 1978

ಎಮ್ಲಿನ್,

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಆ ಮನೆ ಹೋಯಿತು. ದೊಡ್ಡ ಸದ್ದೇನೂ ಬರಲಿಲ್ಲವಂತೆ. ಎದುರು ಮನೆಯವರು ಯಾರೋ ಕಲ್ಲಿದ್ದಲ ಲಾರಿ ಸುರಿಯುತ್ತಿದ್ದಾರೆ ಎಂದುಕೊಂಡರು. ನಾವು ಹೋಗುವಷ್ಟರಲ್ಲಿ ಹಗ್ಗ ಕಟ್ಟಿದ್ದರು. ಹಿಂದಿನ ಕೋಣೆ ಇರಲಿಲ್ಲ. ಅದರ ಕೆಳಗೆ ನನ್ನ ರೈಲು ಇದ್ದ ಮೂಲೆಯೂ ಇರಲಿಲ್ಲ. ಒಂದು ಗೋಡೆ ಮಾತ್ರ ಉಳಿದಿತ್ತು, ಅದರ ಮೇಲೆ ನಾನು ಅಂಟಿಸಿದ ಹೂವಿನ ಕಾಗದ. ಬೇರೆ ಎಲ್ಲ ಕಡೆ ಹರಿದು ಜೋತುಬಿದ್ದಿತ್ತು, ನಾನು ಗೋಂದು ಹಾಕಿದ ಕಡೆ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದನ್ನು ನೋಡಲಾಗದೆ ಮುಖ ತಿರುಗಿಸಿದೆ.

ಅರ್ಲೀನ್ ಟೆಸ್‌ಳ ಟೊಪ್ಪಿಗೆ ಹಿಡಿದು ನಿಂತಿದ್ದಳು. ಅಳಲಿಲ್ಲ. "ಮಂಚ ಕಾಣ್ತಾನೇ ಇಲ್ಲ ಅಪ್ಪ" ಎಂದಳು, ಅಷ್ಟೇ. ಆ ರಾತ್ರಿಯಿಂದ ಅವಳು ಇಲ್ಲಿ ಹಾಸಿಗೆಯನ್ನು ನೆಲದ ಮೇಲೆ ಹಾಸಿ ಮಲಗುತ್ತಾಳೆ. ನಾನೂ ಗೋಡೆಗಳನ್ನು ಸವರಿ ನೋಡುತ್ತಾ ಓಡಾಡುತ್ತೇನೆ. ಬಂಡೆ ಎಂದು ನೀನು ಹೇಳಿದ್ದೀಯೆ, ನಂಬುತ್ತೇನೆ. ಆದರೂ ಮೆಟ್ಟಿಲು ಕಿರ್ ಎಂದರೆ ನಾಲ್ವರೂ ಊಟ ನಿಲ್ಲಿಸುತ್ತೇವೆ.

ಕ್ರಿಸ್ಮಸ್ ಹಿಂದಿನ ಸಂಜೆ ಓನಾ ನಮ್ಮವರ ಪದ್ಧತಿಯಂತೆ ಮೇಜಿನ ಮೇಲೆ ಒಂದು ಖಾಲಿ ತಟ್ಟೆ ಇಟ್ಟಳು. "ಇದು ಎಮ್ಲಿನ್‌ಗೆ" ಎಂದಳು. "ಅದು ಸತ್ತವರ ತಟ್ಟೆ ಕಣೇ" ಎಂದೆ. "ಬರದೇ ಇರೋರದ್ದೂ ಹೌದು. ಆ ಕಿವುಡನಿಗೆ ಬರೆದು ಹೇಳು" ಎಂದಳು. ಬರೆದಿದ್ದೇನೆ.

ಅಟ್ಟದ ಬೀಗವನ್ನು ನಿನ್ನೆ ತೆಗೆದೆ. ಇಷ್ಟು ದಿನ ತೆಗೆಯದ್ದಕ್ಕೆ ಕಾರಣ ಮುನಿಸು ಎಂದುಕೊಳ್ಳಬೇಡ, ಭಯ. ಡಬ್ಬಿಯನ್ನು ಇಲ್ಲಿಯೂ ಇಟ್ಟು ನೋಡಬೇಕಾಗುತ್ತದಲ್ಲ ಎಂಬ ಭಯ. ಇಲ್ಲೂ ಹೊರಟರೆ ನಮಗೆ ಇನ್ನೊಂದು ಗುಡ್ಡವಿಲ್ಲ. ಟೆಸ್ ನನ್ನ ಹಿಂದೆಯೇ ಹತ್ತಿ ಬಂದಳು. ಮಾರ್ಗರೆಟ್‌ಳ ಬಟ್ಟೆ ಸರಿಸಿದೆ. ನಮ್ಮ ಕಣಿವೆ ಹಾಗೇ ಇತ್ತು. ನಿಮ್ಮ ಚರ್ಚು, ನಮ್ಮ ಚರ್ಚು, ಬ್ರೆನನ್‌ರ ಅಡುಗೆಮನೆಯ ಕಿಟಕಿ. ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದವನು ನೀನೇ ಅಲ್ಲವೇ.

ಜೇಬಿನಿಂದ ಡಬ್ಬಿ ತೆಗೆದೆ. ಇಡಲು ಕೈ ಬರಲಿಲ್ಲ. ಟೆಸ್ ಕಿತ್ತುಕೊಂಡು ಪಕ್ಕದ ಹಳಿಯ ಮೇಲೆ ತಾನೇ ಇಟ್ಟಳು, ನಾನು ಕಲಿಸಿದ ಹಾಗೆ ಮೆಲ್ಲಗೆ ಕೈ ತೆಗೆದಳು. ಚಪ್ಪಾಳೆಗೆ ಎರಡೂ ಕೈ ಎತ್ತಿ ಹಿಡಿದುಕೊಂಡು ಕಾದಳು.

"ತಾತ, ಹೋಗ್ತಿಲ್ಲ" ಎಂದಳು.

"ಇನ್ನೂ ಸ್ವಲ್ಪ ನೋಡು ಪುಟ್ಟಿ."

ನೋಡಿದಳು. ಬೇರೆ ಕಡೆ ಇಟ್ಟಳು, ಮೂಲೆಯಲ್ಲಿ ಇಟ್ಟಳು. ಬೆರಳಿನಿಂದ ತಳ್ಳಿದರೆ ಒಂದಿಷ್ಟು ಹೋಗಿ ಅಲ್ಲೇ ನಿಂತಿತು. "ನೀನು ಕೆಡಿಸಿಬಿಟ್ಟೆ ತಾತ" ಎಂದು ನೆಲದ ಮೇಲೆ ಬಿದ್ದು, ಕಾಲು ಬಡಿದು, ಗಂಟಲು ಹರಿಯುವ ಹಾಗೆ ಅಳತೊಡಗಿದಳು.

ಅರ್ಲೀನ್ ಗಾಬರಿಯಾಗಿ ಓಡಿಬಂದಳು. "ಏನಾಯ್ತು? ಏನಾಯ್ತಪ್ಪ?"

ನಾನು ಅಟ್ಟದ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಹಳಿಯ ಕಡೆ ಕೈ ತೋರಿಸಿದೆ. ಅವಳು ಡಬ್ಬಿಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಆಮೇಲೆ ನನ್ನ ಪಕ್ಕದಲ್ಲೇ ಕೂತಳು. ಮಗು ಅಳುತ್ತಲೇ ಇತ್ತು. ಅವಳನ್ನು ಸುಮ್ಮನಾಗಿಸಲು ನಾವಿಬ್ಬರೂ ಏಳಲಿಲ್ಲ. ಅಳಲಿ ಎಂದು ಕೂತು ಕೇಳಿದೆವು.

ರಾತ್ರಿ ಅರ್ಲೀನ್ ಹಾಸಿಗೆಯನ್ನು ಮಂಚದ ಮೇಲೆ ಹಾಕಿಕೊಂಡಳು.

ನಿನ್ನ ಗಾರ್ಡ್ ಡಬ್ಬಿ ಇಟ್ಟಲ್ಲೇ ಇದೆ. ಬಂದು ನೋಡು.

ಆಡಂ